ಹೂವಿನ ಬೆಳಕನ್ನು ಶಾಮಿಯಾನದ ಟೆಂಡರಿನಿಂದ ಬಿಡಿಸಿ: ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ಹಳೆಯ ಅರಮನೆ, ಕೋಟೆಗಳ ಅಂಗಳದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳ ರಾತ್ರಿ ಬೆಳಕಿನ ಬಗ್ಗೆ ಈ ಪತ್ರ. ಬೇಡಿಕೆ ಒಂದೇ. ಬೆಳಕಿನ ಕೆಲಸವನ್ನು ಶಾಮಿಯಾನ, ಕುರ್ಚಿ, ಮೈಕಿನ ಟೆಂಡರಿನಿಂದ ಬಿಡಿಸಿ ಅದಕ್ಕೆ ಬೇರೆ ಟೆಂಡರ್ ಕರೆಯಿರಿ. ಅರ್ಜಿಗಳಲ್ಲಿ ಬರೆದು, ಸಭೆಗಳಲ್ಲಿ ಹೇಳಿ ಸಾಕಾಗಿದೆ. ಹೂವು ಒಂದು ಇಲಾಖೆಯದು, ಕಟ್ಟಡ ಮತ್ತೊಂದರದು, ಕರೆಂಟು ಇನ್ನೊಂದರದು. ಮೂರನ್ನೂ ಒಟ್ಟಿಗೆ ನೋಡಬಲ್ಲವರು ತಾವೇ ಆದ್ದರಿಂದ ನೇರವಾಗಿ ತಮಗೆ ಬರೆಯುತ್ತಿದ್ದೇವೆ.

ಒಂದು ಹಳೆಯ ಕೋಟೆಯೊಳಗೆ ನಡೆದ ಪ್ರದರ್ಶನದ ಸಂಗತಿ ಹೇಳಲೇಬೇಕು. ಊರಿನ ಹೆಸರು ಬೇಡ. ಕೆಂಪು ಗುಲಾಬಿಯ ದೊಡ್ಡ ಕಮಾನಿಗೆ 500 ವ್ಯಾಟಿನ ಹ್ಯಾಲೋಜನ್‌ಗಳನ್ನು ಮೊಳ ದೂರದಲ್ಲಿ ಕಟ್ಟಿದ್ದರು. ಎರಡನೇ ರಾತ್ರಿ ಮುಗಿಯುವಷ್ಟರಲ್ಲಿ ಆ ಬದಿಯ ಎಸಳುಗಳ ಅಂಚು ಕಾಗದ ಸುಟ್ಟಂತೆ ಮುರುಟಿತ್ತು. ವೈರುಗಳ ಜೋಡಣೆಗೆ ಬರೀ ಕಪ್ಪು ಟೇಪು, ಅದೂ ಹುಲ್ಲಿನ ಮೇಲೆ. ಬೆಳಿಗ್ಗೆ ಮಾಲಿಗಳು ನೀರು ಹಾಯಿಸಿದ ಮೇಲೆ ಸಂಜೆ ಸ್ವಿಚ್ ಹಾಕಿದರೆ ಆರ್‌ಸಿಸಿಬಿ, ಅಂದರೆ ಕರೆಂಟು ಭೂಮಿಗೆ ಸೋರಿದರೆ ಲೈನನ್ನು ತಾನಾಗಿ ಕಡಿಯುವ ಸುರಕ್ಷತಾ ಸ್ವಿಚ್, ಟ್ರಿಪ್ ಆಗುತ್ತಿತ್ತು. ಆಗಲೇಬೇಕು, ಅದು ಇರುವುದೇ ಅದಕ್ಕೆ. ಶಾಮಿಯಾನದವರು ಮಾಡಿದ್ದೇನು? ಆರ್‌ಸಿಸಿಬಿಯನ್ನೇ ಬಿಟ್ಟು ಎರಡು ತುಂಡು ವೈರಿನಿಂದ ನೇರ ಜೋಡಿಸಿದರು. ಮರುದಿನ ಒದ್ದೆ ಕೈಯಲ್ಲಿ ಪೈಪು ಹಿಡಿದಿದ್ದ ಮಾಲಿಯೊಬ್ಬರಿಗೆ ಶಾಕ್ ಹೊಡೆಯಿತು. ಪುಣ್ಯಕ್ಕೆ ಕೈ ಪೈಪಿಗೆ ಅಂಟಿಕೊಳ್ಳದೆ ಬಿಡಿಸಿಕೊಂಡಿತು. ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಟೆಂಡರಿನಲ್ಲಿ ಬೆಳಕಿಗಿದ್ದದ್ದು ಒಂದೇ ಸಾಲು: "ದೀಪಾಲಂಕಾರ, ಲಂಪ್‌ಸಮ್". ಯಾವ ದೀಪ, ಎಷ್ಟು, ಎಲ್ಲಿ, ಎಂಥ ಕೇಬಲ್, ಏನೂ ಇಲ್ಲ. ಬರೆಯದ ಷರತ್ತನ್ನು ಮುರಿದರೆಂದು ಯಾರನ್ನು ಹಿಡಿಯುವುದು?

ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗಿ ಬೀಳುವುದಕ್ಕೆ ನೀರೊಂದೇ ಕಾರಣವಲ್ಲ. ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಪ್ರತಿ ಡ್ರೈವರಿನಿಂದ, ಅದು ಸರಿಯಾಗಿದ್ದಾಗಲೂ, ಅರ್ಧ ಮಿಲಿಆಂಪಿಯರ್ ಆಸುಪಾಸು ಭೂಮಿಗೆ ಸೋರುತ್ತದೆ. 40 ದೀಪಗಳನ್ನು ಒಂದೇ ಆರ್‌ಸಿಸಿಬಿಗೆ ಹಾಕಿದರೆ ಅಲ್ಲಿಗೇ 20 ಮಿಲಿಆಂಪಿಯರ್ ಆಯಿತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸೋರಿಕೆ 15 ದಾಟಿದ ಮೇಲೆ, ಯಾವಾಗ ಬೇಕಾದರೂ ಬೀಳಬಹುದು. ಒಂದಕ್ಕೆ 15 ದೀಪ ಸಾಕು. ಜೋಡಣೆಗಳು ನೀರು, ಧೂಳು ಒಳಗಿಳಿಯದ ಐಪಿ 67 ದರ್ಜೆಯ ಕನೆಕ್ಟರಿನಲ್ಲೇ ಇರಬೇಕು, ನೆಲದಿಂದ ಒಂದು ಇಟ್ಟಿಗೆಯಷ್ಟು ಮೇಲೆ. ಜನ ಕೈಚಾಚಿದರೆ ಸಿಗುವ ದೀಪಗಳೆಲ್ಲ 24 ವೋಲ್ಟಿನವಾಗಲಿ. 12 ವೋಲ್ಟ್ ಯಾಕೆ ಬೇಡವೆಂದರೆ, 60 ವ್ಯಾಟಿನ ಲೋಡನ್ನು ಒಂದೂವರೆ ಚದರ ಮಿಲಿಮೀಟರ್ ತಾಮ್ರದ ಕೇಬಲಿನಲ್ಲಿ 30 ಮೀಟರ್ ಒಯ್ದರೆ ಮೂರೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಸಾಲಿನ ಕೊನೆಯ ದೀಪಗಳು ಮಂಕಾಗಿರುವುದಕ್ಕೆ ಅದೇ ಕಾರಣ. 24 ವೋಲ್ಟಿನಲ್ಲಿ ನಷ್ಟ ಅದರ ಅರ್ಧ, ಅದೂ ಇಮ್ಮಡಿ ವೋಲ್ಟಿನಲ್ಲಿ.

ಇನ್ನು ಬಣ್ಣ. ಹೂವಿಗೆ ತನ್ನದೇ ಬೆಳಕಿಲ್ಲ. ಬಿದ್ದ ಬೆಳಕಿನಲ್ಲಿ ಕೆಂಪಿದ್ದರೆ ಮಾತ್ರ ಗುಲಾಬಿ ಕೆಂಪಗೆ ಕಾಣುತ್ತದೆ. ಶಾಮಿಯಾನದವರು ತರುವುದು ಆರ್ಕೆಸ್ಟ್ರಾಕ್ಕೆ ಬಳಸುವ ಬಣ್ಣ ಬದಲಿಸುವ ಪಾರ್ ಲೈಟು. ಅದು ನೀಲಿಗೆ ತಿರುಗಿದ ಗಳಿಗೆ ಕೆಂಪು ಗುಲಾಬಿ ಕಪ್ಪು, ಚೆಂಡುಹೂ ಕೆಸರಿನ ಬಣ್ಣ. ರೈತ ಬೆಳೆದದ್ದು, ಮಾಲಿ ರಾತ್ರಿಯಿಡೀ ನಿಂತು ಒಂದೊಂದಾಗಿ ಚುಚ್ಚಿ ಕೂರಿಸಿದ್ದು ಆ ಬಣ್ಣವನ್ನಲ್ಲ. ಕಾಸಿನ ಆಸೆಗೆ ಹಾಕುವ ಅಗ್ಗದ ಬಿಳಿ ಎಲ್‌ಇಡಿಯಲ್ಲೂ ಕೆಂಪು ಕಡಿಮೆ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆಂದು ನೂರಕ್ಕೆ ಅಳೆಯುವ ಸಿಆರ್‌ಐ 90ಕ್ಕಿಂತ ಕೆಳಗಿಳಿಯಬಾರದು, ಕೆಂಪಿನ ಲೆಕ್ಕ ಹೇಳುವ ಆರ್9 ಕನಿಷ್ಠ 50 ಇರಬೇಕು ಎಂದು ಟೆಂಡರಿನಲ್ಲಿ ಬರೆದರೆ ಈ ತೊಂದರೆ ಮುಕ್ಕಾಲು ಪಾಲು ಮುಗಿಯಿತು. ಗುಲಾಬಿ, ಚೆಂಡುಹೂ, ಕೋಳಿಜುಟ್ಟು, ಸಾಲ್ವಿಯಾಗೆ 3000 ಕೆಲ್ವಿನ್ (ಈ ಅಂಕಿ ಇಳಿದಷ್ಟೂ ಬೆಳಕು ಹಳದಿ, ಏರಿದಷ್ಟೂ ಬಿಳಿ). ಬಿಳಿ ಸೇವಂತಿಗೆ, ನೇರಳೆ ಪೆಟೂನಿಯಾ, ಆಸ್ಟರ್‌ಗೆ 4000. ಹಿಂದಿನ ಕಲ್ಲುಗೋಡೆಗೆ 2700 ಸಾಕು, ಹೂವಿನ ಮೇಲೆ ಬೀಳುವುದರ ಐದನೇ ಒಂದು ಪಾಲು ಬೆಳಕು ಸಾಕು. ಗೋಡೆ ಹೆಚ್ಚು ಬೆಳಗಿದರೆ ಅದರ ಮುಂದಿನ ಹೂವು ಕಪ್ಪು ನೆರಳಾಗುತ್ತದೆ.

ಈ ಕೊನೆಯ ಮಾತಿಗೆ ಮೈಸೂರು ಅರಮನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದು ಲಕ್ಷದ ಹತ್ತಿರ ಬಲ್ಬುಗಳು ಕಟ್ಟಡದ ಕಮಾನು, ಗೋಪುರಗಳ ಗೆರೆಯನ್ನಷ್ಟೇ ಎತ್ತಿ ತೋರಿಸುತ್ತವೆ. ಕಣ್ಣು ಕುಕ್ಕದ ಬೆಚ್ಚನೆಯ ಬೆಳಕು. ಭಾನುವಾರ, ರಜಾದಿನಗಳ ಸಂಜೆ ಅದನ್ನು ನೋಡಲು ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತಾರೆ. ವರ್ಷದ ಕೊನೆಯಲ್ಲಿ ಅದೇ ಅಂಗಳದಲ್ಲಿ ಹೂವಿನ ಪ್ರದರ್ಶನ. ಹಿಂದೆ ಅಷ್ಟು ಬಲ್ಬು ಉರಿಯುವಾಗ ಮುಂದಿನ ಹೂವಿಗೆ ಪೂರ್ತಿ ಬೆಳಕು ಬೇಕು. ಅವು ಆರಿದ ಕ್ಷಣದಿಂದ ಅದೇ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅರ್ಧಕ್ಕೆ ಇಳಿಸಬೇಕು. ಇದಕ್ಕೆ ಬೇಕಾದದ್ದು ಡಿಮ್ಮರ್ ಇರುವ ಡ್ರೈವರ್, ಎರಡು ಹಂತದ ಒಂದು ಸ್ವಿಚ್. ಇಂಥದ್ದು ಬಿಲ್ಲಿಗೆ ಕುರ್ಚಿ ಎಣಿಸುವವರ ತಲೆಗೆ ಹೊಳೆಯುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆ ಕೆಲಸವನ್ನು ಅವರಿಗೆ ಕೊಟ್ಟದ್ದು ತಪ್ಪು.

ದೀಪ ಇಡುವ ಜಾಗವೂ ಅಷ್ಟೇ ಮುಖ್ಯ. ಎದುರಿನಿಂದ ನೇರ ಬೆಳಕು ಬಿದ್ದರೆ ಎಸಳುಗಳ ಮಡಿಕೆ ಅಳಿಸಿ ಹೂವು ಬಣ್ಣ ಬಳಿದ ಹಲಗೆಯಾಗುತ್ತದೆ. ಒಂದು ಪಕ್ಕದಿಂದ 45 ಡಿಗ್ರಿಯಲ್ಲಿ ಮುಖ್ಯ ಬೆಳಕು, ಇನ್ನೊಂದು ಪಕ್ಕದಿಂದ ಅದರ ಮೂರನೇ ಒಂದು ಪಾಲು. ನೆಲದ ಪಾತಿಗಳಿಗೆ 40 ಡಿಗ್ರಿಯ ಅಗಲ ಕಿರಣ, ಎತ್ತರದ ಆಕೃತಿಗಳಿಗೆ 15 ಡಿಗ್ರಿಯದು. ನಡೆಯುವವರ ಕಣ್ಣಿಗೆ ಬಲ್ಬು ಕಾಣದಂತೆ ಜೇನುಗೂಡಿನ ಜಾಲರಿ ಬೇಕೇ ಬೇಕು.

ಸೇವಂತಿಗೆಯ ವಿಷಯ ಬೇರೆಯೇ. ಅದು ರಾತ್ರಿ ಉದ್ದವಾದಾಗ ಮೊಗ್ಗಿಡುವ ಗಿಡ. ಚಿಕ್ಕಬಳ್ಳಾಪುರದ ಕಡೆ ಹೊಲದ ತುಂಬ ಬಲ್ಬು ನೇತುಹಾಕಿ ರಾತ್ರಿ ಉರಿಸುವುದು ಹೂವನ್ನು ತಡಮಾಡಲಿಕ್ಕೇ. ಅರಳಿದ ಕುಂಡಗಳನ್ನು ತಂದಿಟ್ಟರೆ ತೊಂದರೆಯಿಲ್ಲ. ಆದರೆ ಆವರಣದಲ್ಲೇ ಬೆಳೆಸುತ್ತಿರುವ ಪಾತಿಗಳ ಮೇಲೆ ತಿಂಗಳ ಮುಂಚೆಯೇ ಫ್ಲಡ್ ಲೈಟ್ ಹಾಕಿಟ್ಟರೆ ಪ್ರದರ್ಶನದ ದಿನ ಬರೀ ಎಲೆ.

ಕಲ್ಲಿಗೆ ಹಾನಿ ಮಾಡದಿರುವ ಬಗ್ಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ, ರಾಜ್ಯದ 1961ರ ಕಾಯ್ದೆಯಾಗಲಿ ತಮಗೆ ಹೇಳಿಕೊಡಬೇಕಿಲ್ಲ. ಆದರೂ ಸೀರಿಯಲ್ ಸೆಟ್ ನೇತುಹಾಕಲು ಕಲ್ಲಿನ ಸಂದಿಗೆ ಕಬ್ಬಿಣದ ಮೊಳೆ ಹೊಡೆಯುತ್ತಲೇ ಇದ್ದಾರೆ. ಮೊಳೆ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಹಳೆಯ ಗಾರೆ ಬಿರಿದು ಮಳೆನೀರು ಒಳಗಿಳಿಯುತ್ತದೆ. ಮೂರು ದಿನದ ದೀಪಕ್ಕೆ ಮುನ್ನೂರು ವರ್ಷದ ಗೋಡೆಯನ್ನು ಸೀಳುವುದನ್ನು ಇನ್ನು ನೋಡಲಾಗದು. ತಾನಾಗಿ ನಿಲ್ಲುವ ಸ್ಟ್ಯಾಂಡು, ಪ್ರತಿ ಕಾಲಿಗೆ 20 ಕಿಲೋ ಮರಳಿನ ಚೀಲ, ಅಡಿಗೆ ರಬ್ಬರ್ ಹಾಸು. ನೆಲ ಅಗೆಯುವಂತಿಲ್ಲ, ಕೇಬಲ್ ಮೇಲೆಯೇ ಬರಲಿ, ಜನ ದಾಟುವಲ್ಲಿ ರಬ್ಬರ್ ರ‍್ಯಾಂಪ್. ಗೇಟು ಮುಚ್ಚಿದ ಅರ್ಧ ಗಂಟೆಯೊಳಗೆ ಎಲ್ಲವೂ ಆರಬೇಕು. ಆ ಗೋಡೆಗಳ ಸಂದಿಯಲ್ಲಿ ಬಾವಲಿ, ಗೂಬೆಗಳಿವೆ.

ಇಷ್ಟೆಲ್ಲ ದೊಡ್ಡ ಖರ್ಚಿನ ಮಾತಲ್ಲ. ಬೇಕಾದದ್ದು ಬೇರೆ ಟೆಂಡರ್, ಮತ್ತೆ ಹೇಳುತ್ತೇವೆ, ಬೇರೆ ಟೆಂಡರ್. ಅದರಲ್ಲಿ ಮೇಲಿನ ಅಂಕಿಗಳಿರಲಿ. ಉದ್ಘಾಟನೆಗೆ ಎರಡು ರಾತ್ರಿ ಮುಂಚೆ, ಹೂವು ಕೂರಿಸಿದ ಮೇಲೆ, ಕತ್ತಲಲ್ಲಿ ಪರೀಕ್ಷೆ ನಡೆಯಲಿ. ಹಗಲಲ್ಲಿ ನೋಡಿ ಸಹಿ ಹಾಕುವುದು ನಿಲ್ಲಲಿ. ಪ್ರತಿ ಸಂಜೆ ಸ್ವಿಚ್ ಹಾಕುವ ಮುನ್ನ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬಿದ್ದದ್ದನ್ನು ನೋಡಿ, ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಮಾಡಲಿ. ಆ ಸಹಿ ಇಲ್ಲದ ದಿನದ ಬಿಲ್ಲು ಪಾಸಾಗಬಾರದು.

ಮುಂದಿನ ಪ್ರದರ್ಶನಗಳ ಟೆಂಡರ್ ಹೊರಬೀಳುವ ಮುನ್ನ ಈ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಹೂವಿನ ಪ್ರದರ್ಶನಗಳಿಗೆ ಬೆಳಕು ಕಟ್ಟುವವರು