ಬೆಳಗಿನ ಹತ್ತು ನಿಮಿಷದ ಲೆಕ್ಕ: ಪೋಷಕರಿಗೆ ಪತ್ರ

ಮುಖ್ಯ ಶಿಕ್ಷಕಿಯವರ ಕಚೇರಿ
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಉಡುಪಿ ಜಿಲ್ಲೆ

ವಿಷಯ: ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಪ್ರತಿದಿನ ಬೆಳಿಗ್ಗೆ ನಡೆಸುತ್ತಿರುವ ಬಾಯಿಲೆಕ್ಕದ ಕುರಿತು.

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಕಳೆದ ಶನಿವಾರ ಪೋಷಕರ ಸಭೆ ಮುಗಿದ ಮೇಲೆ ಎರಡನೆಯ ತರಗತಿಯ ಮಗುವೊಂದರ ತಾಯಿ ಮಗನ ಗಣಿತದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, “ಟೀಚರ್, ದಿನಾ ಬೆಳಿಗ್ಗೆ ಲೆಕ್ಕ ಮಾಡಿಸ್ತಾರೆ ಅಂತ ಇವ ಹೇಳ್ತಾನೆ, ಪುಸ್ತಕದಲ್ಲಿ ಮಾತ್ರ ಒಂದು ಗೆರೆ ಸಹ ಇಲ್ಲವಲ್ಲ” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಜೂನ್ ತಿಂಗಳಿನಿಂದ ನಾವು ಒಂದರಿಂದ ಮೂರನೆಯ ತರಗತಿಯವರು ಒಟ್ಟಾಗಿ ಕಲಿಯುವ ನಲಿಕಲಿ ಕೊಠಡಿಯಲ್ಲಿ ದಿನವೂ ಹತ್ತು ನಿಮಿಷ ಲೆಕ್ಕದ ಮಾತುಕತೆ ನಡೆಸುತ್ತಿದ್ದೇವೆ; ಅದೆಲ್ಲವೂ ಬಾಯಿಮಾತಿನಲ್ಲಿ ಮತ್ತು ಕರಿಹಲಗೆಯ ಮೇಲೆ ನಡೆದುಹೋಗುವುದರಿಂದ ಮನೆಗೆ ಬರುವ ಪುಸ್ತಕದಲ್ಲಿ ಅದರ ಗುರುತು ಉಳಿಯುವುದಿಲ್ಲ. ಪುಸ್ತಕದಲ್ಲಿ ಕಾಣದ್ದನ್ನು ಪತ್ರದ ಮೂಲಕವಾದರೂ ತಮಗೆ ತಿಳಿಸಬೇಕಿತ್ತು. ಅದನ್ನು ಸಭೆಗೆ ಮೊದಲೇ ಮಾಡದೆ ಉಳಿದದ್ದು ನನ್ನ ಲೋಪ.

ಪ್ರಾರ್ಥನೆ ಮುಗಿದು ಹಾಜರಿ ಕರೆದ ಕೂಡಲೇ, 9.40ಕ್ಕೆ, ಮಕ್ಕಳು ನೆಲದ ಮೇಲೆ ಅರ್ಧವೃತ್ತವಾಗಿ ಕುಳಿತುಕೊಳ್ಳುತ್ತಾರೆ. ಕೈಯಲ್ಲಿ ಪುಸ್ತಕವಾಗಲಿ ಸ್ಲೇಟಾಗಲಿ ಇರುವುದಿಲ್ಲ. ಟೀಚರ್ ಒಂದು ರಟ್ಟನ್ನು ಎತ್ತಿ ಹಿಡಿದು, ಎರಡು ಮೂರು ಸೆಕೆಂಡುಗಳಲ್ಲಿ ಮತ್ತೆ ಮುಚ್ಚಿಬಿಡುತ್ತಾರೆ. ಅದರಲ್ಲಿ ಏಳು ಚುಕ್ಕಿಗಳಿದ್ದವು ಎಂದಿಟ್ಟುಕೊಳ್ಳಿ. ಮೂರು ಅಥವಾ ನಾಲ್ಕು ವಸ್ತುಗಳಾದರೆ ಎಣಿಸದೆಯೇ ಕಣ್ಣಿಗೆ ಹೊಳೆಯುತ್ತವೆ. ಏಳು ಹಾಗೆ ಹೊಳೆಯುವುದಿಲ್ಲ, ಒಂದೊಂದಾಗಿ ಬೆರಳಿಟ್ಟು ಎಣಿಸಲು ಸಮಯವೂ ಇರುವುದಿಲ್ಲ. ಆದ್ದರಿಂದ ಮಗು ಅದನ್ನು ಮನಸ್ಸಿನಲ್ಲಿಯೇ ಒಡೆದು ನೋಡಬೇಕಾಗುತ್ತದೆ. “ಮೇಲೆ ನಾಲ್ಕು, ಕೆಳಗೆ ಮೂರು” ಎಂದು ಒಬ್ಬಳು ಹೇಳುತ್ತಾಳೆ. “ಐದು ಒಂದು ಕಡೆ, ಎರಡು ಇನ್ನೊಂದು ಕಡೆ” ಎಂದು ಮತ್ತೊಬ್ಬ ಹೇಳುತ್ತಾನೆ. ಮೂರನೆಯ ತರಗತಿಯ ಹುಡುಗನೊಬ್ಬ “ನಾಲ್ಕು ನಾಲ್ಕು ಎಂಟು ಆಗಬೇಕಿತ್ತು, ಒಂದು ಮೂಲೆ ಖಾಲಿ ಉಂಟು” ಎಂದ. ಉತ್ತರ ಮೂವರದ್ದೂ ಏಳೇ, ದಾರಿ ಮಾತ್ರ ಬೇರೆ ಬೇರೆ. ಟೀಚರ್ ಆ ಮೂರು ದಾರಿಗಳನ್ನೂ ಹಲಗೆಯ ಮೇಲೆ ಬರೆಯುತ್ತಾರೆ.

ಇನ್ನೊಂದು ದಿನ ಚುಕ್ಕಿಗಳ ಬದಲು ಒಂದೇ ಒಂದು ಕೂಡುವ ಲೆಕ್ಕ ಇರುತ್ತದೆ. ಎಂಟಕ್ಕೆ ಐದು ಸೇರಿಸಿದರೆ ಎಷ್ಟು ಎಂಬ ಪ್ರಶ್ನೆಗೆ ಕೆಲವರು ಬೆರಳು ಮಡಚುತ್ತಾರೆ, ಕೆಲವರು ಐದರಿಂದ ಎರಡನ್ನು ತೆಗೆದು ಎಂಟಕ್ಕೆ ಕೊಟ್ಟು ಹತ್ತು ಮಾಡಿಕೊಂಡು, ಉಳಿದ ಮೂರನ್ನು ಸೇರಿಸಿ ಹದಿಮೂರು ಎನ್ನುತ್ತಾರೆ. “ಹನ್ನೆರಡು” ಎಂದು ಹೇಳುವ ಮಗುವೂ ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಹೇಗೆ ಬಂತು ಎಂದು ಕೇಳಿದಾಗ ಆ ಮಗು “ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು” ಎಂದು ಐದು ಬೆರಳು ಮಡಚಿ ತೋರಿಸುತ್ತದೆ. ಎಣಿಕೆ ಸರಿಯಾಗಿಯೇ ಇದೆ. ಮೊದಲ ಬೆರಳನ್ನು ಒಂಬತ್ತಕ್ಕೆ ಮಡಚುವ ಬದಲು ಎಂಟಕ್ಕೇ ಮಡಚಿದ್ದು ತಪ್ಪು. ಪುಸ್ತಕದಲ್ಲಿ ಇದೇ ಉತ್ತರದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿದ್ದರೆ, ತಪ್ಪು ಎಲ್ಲಿ ಆಯಿತು ಎಂಬುದು ಮಗುವಿಗೂ ಗೊತ್ತಾಗುತ್ತಿರಲಿಲ್ಲ, ನಮಗೂ ಗೊತ್ತಾಗುತ್ತಿರಲಿಲ್ಲ. ಈ ಹತ್ತು ನಿಮಿಷವನ್ನು ಬರವಣಿಗೆಗೆ ಕೊಡದೆ ಮಾತಿಗೆ ಮೀಸಲಿಟ್ಟಿರುವ ಮುಖ್ಯ ಕಾರಣ ಇದು.

ನಲಿಕಲಿಯ ವ್ಯವಸ್ಥೆಯನ್ನು ತಾವು ಬಲ್ಲಿರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಾರ್ಡುಗಳನ್ನು ಮುಗಿಸುತ್ತ ಕಲಿಕಾ ಏಣಿಯನ್ನು ಹತ್ತುತ್ತದೆ. ಅದು ಒಳ್ಳೆಯದೇ. ಆದರೆ ದಿನದ ಬಹುಪಾಲು ಹೊತ್ತು ಪಕ್ಕದ ಮಗು ಹೇಗೆ ಯೋಚಿಸುತ್ತದೆ ಎಂದು ಕೇಳುವ ಅವಕಾಶ ಅಲ್ಲಿ ಕಡಿಮೆ. ಮೂರು ತರಗತಿಯವರೂ ಒಂದೇ ಕೊಠಡಿಯಲ್ಲಿರುವುದರಿಂದ ಒಂದೇ ಪ್ರಶ್ನೆ ಮೂವರಿಗೂ ಹೇಗೆ ಹೊಂದುತ್ತದೆ ಎಂದು ಕೆಲವರು ಕೇಳಿದ್ದೀರಿ. “ಇವತ್ತಿನ ಸಂಖ್ಯೆ ಇಪ್ಪತ್ತನಾಲ್ಕು, ಇದರ ಬಗ್ಗೆ ಏನಾದರೂ ಹೇಳಿ” ಎಂದರೆ ಒಂದನೆಯವರು ಅದರ ಹಿಂದುಮುಂದಿನ ಸಂಖ್ಯೆ ಹೇಳುತ್ತಾರೆ, ಎರಡನೆಯವರು ಎರಡು ಹತ್ತು ನಾಲ್ಕು ಬಿಡಿ ಎನ್ನುತ್ತಾರೆ, ಮೂರನೆಯವರು ಆರು ನಾಲ್ಕಲಿ ಇಪ್ಪತ್ತನಾಲ್ಕು ಎಂಬಲ್ಲಿಗೆ ಹೋಗುತ್ತಾರೆ. ಚಿಕ್ಕವರು ದೊಡ್ಡವರ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ, ಮಾರನೆಯ ದಿನ ಅದನ್ನೇ ತಮ್ಮದೆಂಬಂತೆ ಹೇಳುತ್ತಾರೆ!

ಮೊದಲ ವಾರ ನಾವೇ ಒಂದು ತಪ್ಪು ಮಾಡಿದೆವು. ಮಕ್ಕಳಿಗೆ ಹುರುಪು ಬರಲಿ ಎಂದು ಗಡಿಯಾರ ಇಟ್ಟು, ಮೊದಲು ಉತ್ತರ ಹೇಳಿದವರಿಗೆ ಚಪ್ಪಾಳೆ ಹೊಡೆಸಿದೆವು. ನಾಲ್ಕೇ ದಿನಗಳಲ್ಲಿ ಅದೇ ನಾಲ್ಕೈದು ಮಕ್ಕಳ ಕೈಗಳು ಮಾತ್ರ ಮೇಲೇಳುತ್ತಿದ್ದವು, ಉಳಿದವರು ಲೆಕ್ಕವನ್ನು ಬಿಟ್ಟು ಆ ಮಕ್ಕಳ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದರು. ಈಗ ಗಡಿಯಾರವೂ ಇಲ್ಲ, ಚಪ್ಪಾಳೆಯೂ ಇಲ್ಲ. ಉತ್ತರ ಸಿಕ್ಕಿದ ಮಗು ಕೈ ಎತ್ತುವ ಬದಲು ಹೆಬ್ಬೆರಳನ್ನು ಎದೆಯ ಹತ್ತಿರ ಹಿಡಿಯುತ್ತದೆ. ಎಲ್ಲರಿಗೂ ಯೋಚಿಸಲು ಸಮಯ ಸಿಕ್ಕಿದ ಮೇಲೆ ಟೀಚರ್ ಒಬ್ಬೊಬ್ಬರನ್ನಾಗಿ ಕೇಳುತ್ತಾರೆ. ಇದಕ್ಕೆ ಅಂಕವಿಲ್ಲ, ಪರೀಕ್ಷೆಯೂ ಇಲ್ಲ.

ಎಣಿಕೆಯ ಪದಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವವರು. ಒಂಜಿ, ರಡ್ಡ್, ಮೂಜಿ ಎಂದು ಎಣಿಸಿ ಬೆಳೆದ ಮಗು ಶಾಲೆಗೆ ಬಂದು ಒಂದು, ಎರಡು, ಮೂರು ಎನ್ನಬೇಕು. ಕನ್ನಡದಲ್ಲಿ ಇಪ್ಪತ್ತೊಂದು, ಮೂವತ್ತೊಂದು ಎಂಬಲ್ಲಿ ಹತ್ತುಗಳು ಮೊದಲು, ಬಿಡಿ ಆಮೇಲೆ ಬರುತ್ತದೆ, ಬರೆಯುವ ಕ್ರಮವೂ ಅದೇ. ಕೊಂಕಣಿಯ ಏಕ್ವೀಸ್‌ನಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಹಾಗಾಗಿ ಕೊಂಕಣಿ ಮನೆಯ ಮಗು 21 ಎಂದು ಬರೆಯುವಲ್ಲಿ 12 ಎಂದು ಬರೆದರೆ ಅದನ್ನು ಅಜಾಗ್ರತೆ ಎಂದು ಗದರಿಸಬೇಡಿ, ಅದು ತಾನು ಕೇಳಿದ ಕ್ರಮದಲ್ಲಿಯೇ ಬರೆದಿರಬಹುದು. ಕನ್ನಡಕ್ಕೂ ತನ್ನದೇ ತೊಡಕುಗಳಿವೆ. ಹನ್ನೊಂದು, ಹನ್ನೆರಡು ಎಂಬಲ್ಲಿ ಹತ್ತು ಎಂಬ ಪದ ಅಡಗಿಕೊಂಡಿರುತ್ತದೆ. ಒಂಬತ್ತು, ಎಂಬತ್ತು, ತೊಂಬತ್ತು ಎಂಬ ಮೂರು ಪದಗಳನ್ನು ಆರು ವರ್ಷದ ಕಿವಿ ಬೇರ್ಪಡಿಸಿ ಕೇಳುವುದು ಸುಲಭವಲ್ಲ, ಹತ್ತೊಂಬತ್ತು ಎಂದರೆ 90 ಎಂದು ಬರೆಯುವ ಮಕ್ಕಳನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಬೆಳಗಿನ ಹೊತ್ತು ಮುಂದಕ್ಕೂ ಹಿಂದಕ್ಕೂ ಒಟ್ಟಾಗಿ ಎಣಿಸುವುದು, ಅದರಲ್ಲೂ 28ರಿಂದ 32ರ ವರೆಗೆ, 88ರಿಂದ 92ರ ವರೆಗೆ ಎಂದು ಹತ್ತು ದಾಟುವ ಜಾಗಗಳಲ್ಲಿ ನಿಂತು ಎಣಿಸುವುದು ಇದಕ್ಕಾಗಿಯೇ. ಮನೆಯಲ್ಲಿ ತಾವು ಯಾವ ಭಾಷೆಯಲ್ಲಿ ಎಣಿಸಿದರೂ ಸಂತೋಷವೇ. ಶಾಲೆಯ ಎಣಿಕೆ ಕನ್ನಡದ್ದೆಂದು ಅಜ್ಜಿಯ ಎಣಿಕೆಯನ್ನು ನಿಲ್ಲಿಸುವುದು ಬೇಡ.

ಗೋಡೆಯ ಮೇಲೆ ತೂಗುಹಾಕಿರುವ ಎರಡು ಡಬ್ಬಿಗಳನ್ನು ಸಭೆಗೆ ಬಂದವರು ನೋಡಿದ್ದೀರಿ. ಶಾಲೆ ನಡೆದ ಪ್ರತಿ ದಿನಕ್ಕೆ ಒಂದರಂತೆ ಹಿಡಿಸೂಡಿಯ (ತೆಂಗಿನಗರಿಯ ಪೊರಕೆಯ) ಕಡ್ಡಿಯನ್ನು ಬಿಡಿಯ ಡಬ್ಬಿಗೆ ಹಾಕುತ್ತೇವೆ, ಹತ್ತಾದ ದಿನ ಅವುಗಳನ್ನು ದಾರದಿಂದ ಕಟ್ಟಿ ಹತ್ತರ ಡಬ್ಬಿಗೆ ಸಾಗಿಸುತ್ತೇವೆ. ಈ ಪತ್ರ ಬರೆಯುವ ದಿನ ಮೂರು ಕಟ್ಟು, ನಾಲ್ಕು ಬಿಡಿ. ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಿದ ಮಾರನೆಯ ದಿನ, ರಜೆಯ ದಿನದ ಕಡ್ಡಿಯನ್ನೂ ಹಾಕಬೇಕೋ ಬೇಡವೋ ಎಂದು ಮಕ್ಕಳು ಹತ್ತು ನಿಮಿಷವೂ ವಾದ ಮಾಡಿದರು. ಆ ದಿನ ಬೇರೆ ಲೆಕ್ಕ ನಡೆಯಲಿಲ್ಲ. ನಡೆಯಬೇಕಾಗಿಯೂ ಇರಲಿಲ್ಲ ಎಂದು ನನ್ನ ಅಭಿಪ್ರಾಯ.

ಮಗ್ಗಿ ಯಾಕೆ ಬಾಯಿಪಾಠ ಮಾಡಿಸುವುದಿಲ್ಲ ಎಂದು ಕೇಳಿದ ಹಿರಿಯರಿಗೆ ಒಂದು ಮಾತು. ದೀಪ ಹಚ್ಚಿದ ಮೇಲೆ ಚಾಪೆಯ ಮೇಲೆ ಕುಳಿತು ಮಗ್ಗಿ ಒಪ್ಪಿಸಿದ ತಲೆಮಾರು ನನ್ನದೂ ಹೌದು, ಕಾಲು, ಅರೆ, ಮುಕ್ಕಾಲು ಮಗ್ಗಿಯನ್ನೂ ಸರಾಗವಾಗಿ ಹೇಳುತ್ತಿದ್ದ ಅಜ್ಜಂದಿರನ್ನು ನಾನು ಕಂಡಿದ್ದೇನೆ. ಮಗ್ಗಿ ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಎಂಟರ ಮಗ್ಗಿಯಲ್ಲಿ ಎಂಟು ಏಳು ಎಷ್ಟು ಎಂದು ಕೇಳಿದರೆ ಎಂಟು ಒಂದಲಿ ಎಂದು ಮೊದಲಿನಿಂದ ಹಾಡಿಕೊಂಡು ಬರಬೇಕಾದ ಮಗುವಿಗೆ, ಎಂಟು ಐದಲಿ ನಲ್ವತ್ತು, ಅದಕ್ಕೆ ಎರಡು ಎಂಟು ಸೇರಿಸಿದರೆ ಐವತ್ತಾರು ಎಂಬ ದಾರಿ ಗೊತ್ತಿದ್ದರೆ ಮರೆತ ದಿನವೂ ಉತ್ತರ ಕೈಗೆ ಸಿಗುತ್ತದೆ. ಎರಡು, ಐದು, ಹತ್ತರ ಗುಂಪುಗಳಲ್ಲಿ ಎಣಿಸುವ ರೂಢಿ ಬಂದ ಮೇಲೆ ಮೂರನೆಯ ತರಗತಿಯಲ್ಲಿ ಮಗ್ಗಿಯ ಬಾಯಿಪಾಠವೂ ಆಗುತ್ತದೆ.

ಸರಕಾರದ ಗುರಿಯೂ ಇದರಿಂದ ದೂರವಿಲ್ಲ. 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮದಲ್ಲಿ ಒಂದನೆಯ ತರಗತಿಯ ಕೊನೆಗೆ 99ರ ವರೆಗೆ, ಎರಡನೆಯದರ ಕೊನೆಗೆ 999ರ ವರೆಗೆ, ಮೂರನೆಯದರ ಕೊನೆಗೆ 9999ರ ವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕೆಂಬ ಲಕ್ಷ್ಯ ಇದೆ.

ಮನೆಯಲ್ಲಿ ತಾವು ಮಾಡಬಹುದಾದದ್ದಕ್ಕೆ ಹೊಸ ಪುಸ್ತಕ ಬೇಡ, ಮೊಬೈಲಿನ ಆ್ಯಪ್ ಖಂಡಿತ ಬೇಡ. ತುಳುವರ ಮಳೆಗಾಲದ ಆಟಿ ತಿಂಗಳು ಶುರುವಾಗಿದೆ. ಅಟ್ಟದ ಮೇಲಿನ ಚೆನ್ನೆಮಣೆ ಕೆಳಗಿಳಿಯಲಿ. ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕರಂತೆ ಮಂಜೊಟ್ಟಿ ಕಾಯಿ ತುಂಬಿಸಿ, ಒಂದು ಗುಳಿಯ ಕಾಯಿಗಳನ್ನು ಒಂದೊಂದಾಗಿ ಬಿತ್ತುತ್ತ ಹೋಗುವ ಆಟದಲ್ಲಿ, ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಮೊದಲೇ ಅಂದಾಜು ಮಾಡದೆ ಗೆಲ್ಲಲು ಆಗುವುದಿಲ್ಲ. ಮೀನು ಕೊಳ್ಳುವಾಗ ನೂರು ರೂಪಾಯಿಗೆ ಎಂಟು ಬಂಗುಡೆ ಎಂದಾದರೆ, ಹತ್ತು ಆಗಲು ಇನ್ನೆಷ್ಟು ಹಾಕಿಸಿಕೊಳ್ಳಬೇಕು ಎಂದು ಮಗುವನ್ನೇ ಕೇಳಿ. ಶಂಕರಪುರದ ಕಡೆಯಿಂದ ಬರುವ ಮಲ್ಲಿಗೆ ಬೆಳೆಯುವ ಮನೆಯ ಹುಡುಗಿಯೊಬ್ಬಳು, ಮೂರು ಸಲ ನಾಲ್ಕು ಎಷ್ಟು ಎಂದು ಕೇಳಿದಾಗ ಬೆರಳು ಮುಟ್ಟದೆ “ಮೂರು ಅಟ್ಟೆ ಅಲ್ವಾ ಟೀಚರ್, ಹನ್ನೆರಡು ಚೆಂಡು” ಎಂದಳು. ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಅವಳ ಮನೆಯ ಜಗಲಿಯಲ್ಲಿ ದಿನವೂ ನಡೆಯುತ್ತದೆ. ಬೀಡಿ ಕಟ್ಟುವ ಮನೆಗಳಲ್ಲಿ 25ರ ಕಟ್ಟುಗಳ ಎಣಿಕೆ ಇದೆ: ನಾಲ್ಕು ಕಟ್ಟಿಗೆ ನೂರು, ನಲ್ವತ್ತು ಕಟ್ಟಿಗೆ ಸಾವಿರ. ಆ ಎಣಿಕೆ ಮಕ್ಕಳ ಕಿವಿಗೆ ಬೀಳಲಿ. ಎಲೆ ಮತ್ತು ಹೊಗೆಸೊಪ್ಪು ಮಾತ್ರ ಅವರ ಕೈಗೆ ಬೇಡ ಎಂದು ಮತ್ತೊಮ್ಮೆ ವಿನಂತಿಸುತ್ತೇನೆ.

ಮಗು ಉತ್ತರ ಹೇಳಿದಾಗ ಸರಿ ಅಥವಾ ತಪ್ಪು ಎನ್ನುವ ಮೊದಲು “ಹೇಗೆ ಸಿಕ್ಕಿತು?” ಎಂದು ಕೇಳಿ. ಸರಿಯುತ್ತರಕ್ಕೂ ಕೇಳಿ, ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳದಂತೆ ಕೇಳಿಸತೊಡಗುತ್ತದೆ. ಬೆರಳು ಮಡಚಿದರೆ ತಡೆಯಬೇಡಿ, ಬೇಡವಾದ ದಿನ ಮಕ್ಕಳು ತಾವಾಗಿಯೇ ಬಿಡುತ್ತಾರೆ. ಅಕ್ಕನಿಗೆ ಈ ವಯಸ್ಸಿನಲ್ಲಿ ಬರುತ್ತಿತ್ತು ಎಂಬ ಮಾತೂ, ನನಗೂ ಲೆಕ್ಕ ಹತ್ತುತ್ತಿರಲಿಲ್ಲ ಎಂಬ ಮಾತೂ ಮಗುವಿನ ಎದುರು ಬೇಡ. ಎರಡನೆಯದನ್ನು ನಾವು ಸಮಾಧಾನಕ್ಕೆಂದು ಹೇಳುತ್ತೇವೆ, ಮಗು ಅದನ್ನು ರಜೆಯ ಚೀಟಿ ಎಂದುಕೊಳ್ಳುತ್ತದೆ.

ಇನ್ನು ಸಮಯದ ವಿಚಾರ. ಮಳೆಗಾಲದಲ್ಲಿ ಬಸ್ಸು ತಡವಾಗುವುದೂ, ಆಟೋದವರು ಇನ್ನೊಂದು ಸುತ್ತು ಮುಗಿಸಿ ಬರುವುದೂ ನನಗೆ ಗೊತ್ತಿದೆ. ಆದರೂ ಏಳೆಂಟು ಮಕ್ಕಳು ವಾರದಲ್ಲಿ ಎರಡು ಮೂರು ದಿನ 9.50 ದಾಟಿದ ಮೇಲೆ ಬರುತ್ತಿದ್ದಾರೆ. ಉಳಿದ ಪಾಠವನ್ನು ಕಾರ್ಡು ನೋಡಿ ಆಮೇಲೆ ಮುಗಿಸಬಹುದು, ಈ ಮಾತುಕತೆ ಮಾತ್ರ ಮುಗಿದರೆ ಮುಗಿಯಿತು. ದಯವಿಟ್ಟು ಮಕ್ಕಳು 9.30ಕ್ಕೆ ಶಾಲೆಯ ಅಂಗಳದಲ್ಲಿರುವಂತೆ ನೋಡಿಕೊಳ್ಳಬೇಕು. ಆಟೋದ ಸಮಯ ಬದಲಿಸುವ ಬಗ್ಗೆ ಚಾಲಕರೊಡನೆ ಮಾತಾಡಬೇಕಿದ್ದರೆ ನಾನೂ ಜೊತೆಗೆ ಬರುತ್ತೇನೆ.

ನೋಡಬೇಕೆಂಬ ಆಸಕ್ತಿಯಿರುವವರು ಮುಂದಿನ ನಾಲ್ಕು ಶನಿವಾರಗಳಲ್ಲಿ ಯಾವುದಾದರೊಂದು ದಿನ ಪ್ರಾರ್ಥನೆಯ ಹೊತ್ತಿಗೆ ಬರಬಹುದು. ಕೊಠಡಿ ಚಿಕ್ಕದಾದ್ದರಿಂದ ಒಂದು ಸಲಕ್ಕೆ ನಾಲ್ವರಿಗೆ ಮಾತ್ರ ಜಾಗವಿದೆ. ಯಾವ ಶನಿವಾರ ಎಂದು ಕೆಳಗಿನ ಚೀಟಿಯಲ್ಲಿ ಬರೆದು ಬುಧವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿ. ಹಿಂದೆ ಬೆಂಚಿನ ಮೇಲೆ ಕುಳಿತು ನೋಡಬಹುದು, ಉತ್ತರ ಹೇಳಿಕೊಡಬಾರದು. ಹಿಡಿಸೂಡಿಯ ಕಡ್ಡಿಗಳು ಮುಗಿಯುತ್ತ ಬಂದಿವೆ, ಗೇಣುದ್ದಕ್ಕೆ ಕತ್ತರಿಸಿದ ಇಪ್ಪತ್ತು ಕಡ್ಡಿಗಳನ್ನು ಚೀಟಿಯ ಜೊತೆ ಕಳುಹಿಸಿದರೆ ಉಪಕಾರವಾಗುತ್ತದೆ. ಎಣಿಸುವ ಕೆಲಸ ಮಗುವಿನದ್ದಾಗಿರಲಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ

ಚೀಟಿ: ಮಗುವಿನ ಹೆಸರು, ತರಗತಿ ………………
ನಾನು ಬರುವ ಶನಿವಾರ ………………
ಕಳುಹಿಸಿದ ಕಡ್ಡಿಗಳು (ಮಗುವೇ ಬರೆಯಬೇಕು): ಹತ್ತು …… ಬಿಡಿ ……
ಪೋಷಕರ ಸಹಿ ………………