ಕಪಾಟಿನ ಪಕ್ಕ ಒಂದು ಮೊಳೆ

ಮಾನ್ಯ ಸಂಪಾದಕರೇ,

ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಹಳೆಯ ಅಭಿಮಾನಿಗಳು ಆರು ಮಂದಿ ಕಳೆದ ಭಾನುವಾರ ಜಯನಗರದ ದರ್ಶಿನಿಯೊಂದರಲ್ಲಿ ಸೇರಿದ್ದೆವು. ಮಾತೆಲ್ಲ ಹಿಂದಿನ ತರಬೇತುದಾರರದೇ. ಒಬ್ಬರಂತೂ ಮಳೆ ನಿಂತ ಕೂಡಲೇ ಪ್ಯಾಂಟ್ ಮಡಚಿ, ಸಿಮೆಂಟ್ ಅಂಕಣದ ನೀರನ್ನು ತಾವೇ ಗೋಣಿಚೀಲದಿಂದ ಒರೆಸುತ್ತಿದ್ದರು. ಫ್ರೀ ಥ್ರೋ ತಪ್ಪಿದರೆ ಬೈಯದೆ, ಸೀಟಿ ಕಚ್ಚಿಕೊಂಡು ಆಕಾಶ ನೋಡುತ್ತಿದ್ದರು. ಅದಕ್ಕಿಂತ ಬೈಗುಳವೇ ಎಷ್ಟೋ ವಾಸಿ!

ಕಾಲೇಜಿನ ಗಾಜಿನ ಕಪಾಟಿನಲ್ಲಿ ಟ್ರೋಫಿಗಳಿವೆ, ಅವರದೊಂದು ಫೋಟೊ ಇಲ್ಲ. ಹೆಚ್ಚು ಗೆಲ್ಲಲಿಲ್ಲವೆಂದೇ? 1891ರಲ್ಲಿ ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್, ಕಾನ್ಸಾಸ್ ವಿಶ್ವವಿದ್ಯಾಲಯದ ತರಬೇತುದಾರರಾಗಿ ಗೆದ್ದದ್ದು 55 ಪಂದ್ಯ, ಸೋತದ್ದು 60. ಆದರೂ ಅಲ್ಲಿನ ಅಂಕಣಕ್ಕೆ ಅವರದೇ ಹೆಸರು. ನಮ್ಮವರಿಗೆ ಕಪಾಟಿನ ಪಕ್ಕ ಒಂದು ಮೊಳೆ ಹೊಡೆಸಿದರೆ ಸಾಕು. ಫೋಟೊ, ಚೌಕಟ್ಟು ನಾವೇ ತರುತ್ತೇವೆ.

– ಹಳೆಯ ವಿದ್ಯಾರ್ಥಿ, ಜಯನಗರ, ಬೆಂಗಳೂರು