ಮಾಯೆಗೂ ಒಂದು ಲೆಕ್ಕ ಬೇಡವೇ?

ಮಾನ್ಯರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಮಾಯಾಲೋಕದ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ತಪ್ಪದೆ ಓದುತ್ತೇವೆ. ಓದುವವಳು ಆರನೇ ಕ್ಲಾಸಿನ ಮೊಮ್ಮಗಳು, ಕೇಳುವವನು ನಾನು. ಆ ರಾಜ್ಯದಲ್ಲಿ ನಾಲ್ಕು ಬಗೆಯ ಮಾಯೆ ಇದೆ, ಮಂತ್ರದ್ದು, ಮಣಿಯದ್ದು, ವರದ್ದು, ಶಾಪದ್ದು ಎಂದು ಲೇಖಕರು ಮೊದಲ ಕಂತಿನಲ್ಲಿ ಹೇಳಿದ್ದರು. ಈಗ ನೋಡಿದರೆ ನಾಲ್ಕೂ ಒಂದೇ. ಯಾರು ಏನು ಮಾಡಿದರೂ ಬೆರಳ ತುದಿಯಿಂದ ನೀಲಿ ಬೆಳಕು ಹೊರಡುತ್ತದೆ, ಎದುರಿಗಿದ್ದವನು ಬೀಳುತ್ತಾನೆ. ಮಣಿ ಒಡೆದು ಚೂರಾಗಿದ್ದ ಮಾಂತ್ರಿಕ ಮುಂದಿನ ವಾರ ಅದೇ ಮಣಿಯಿಂದ ಸೇತುವೆ ಕಟ್ಟಿದ. "ಅಜ್ಜಾ, ಅದು ಒಡೆದಿತ್ತಲ್ವಾ?" ಎಂದು ಮೊಮ್ಮಗಳು ಹಳೇ ಪುರವಣಿಯನ್ನೇ ತಂದು ಮುಂದಿಟ್ಟಳು.

ನಾನು ಕೊಪ್ಪದ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಬಾರದ ಆಳಿಗೆ ಹಾಜರಿ ಹಾಕಿದರೆ ಕೂಲಿ ಬಟವಾಡೆಯ ದಿನ ಸಿಕ್ಕಿಬೀಳಲೇಬೇಕು. ಮಾಯೆಯ ಕತೆ ಬರೆಯುವವರಿಗೂ ಆ ಹೆದರಿಕೆ ಸ್ವಲ್ಪ ಇರಲಿ.

ನಮ್ಮ ಜಿಲ್ಲೆಯವನೇ ಆದ, ಕಡೂರು ತಾಲ್ಲೂಕು ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನೇ ನೋಡಿ. ಬಭ್ರುವಾಹನ ಪಾತಾಳದಿಂದ ಸಂಜೀವಕ ಮಣಿ ತಂದರೂ ಸತ್ತ ಅರ್ಜುನ ಏಳುವಂತಿರಲಿಲ್ಲ. ಅವನ ತಲೆಯನ್ನೇ ನಾಗರು ಕದ್ದೊಯ್ದಿದ್ದರು. ಜೀವ ಕೊಡುವ ಮಣಿಗೆ ಕಳೆದ ತಲೆ ಹುಡುಕುವುದು ಗೊತ್ತಿಲ್ಲ; ಅದಕ್ಕೆ ಕೃಷ್ಣನೇ ಬರಬೇಕಾಯಿತು. ಅದೇ ಕಾವ್ಯದ ಚಂಡಿಯ ಕತೆ ಎಲ್ಲರಿಗೂ ಗೊತ್ತು. ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುತ್ತಿದ್ದ ಹೆಂಡತಿಯನ್ನು ಉದ್ದಾಲಕ ಕಲ್ಲಾಗು ಎಂದ. ಸಿಟ್ಟು ಇಳಿದ ಮೇಲೂ ಶಾಪ ಹಿಂದಕ್ಕೆ ಬರುವುದಿಲ್ಲ. ಅಶ್ವಮೇಧದ ಕುದುರೆ ಆ ಬಂಡೆಗೆ ಬಂದು ಅಂಟಿಕೊಂಡು, ಅರ್ಜುನನ ಕೈ ತಾಗಿದಾಗಲೇ ಬಿಡುಗಡೆ.

ವರದ ದಾರಿ ಬೇರೆ. ಅದು ಆಡಿದ ಮಾತಿನಷ್ಟಕ್ಕೇ ಕಾವಲು. ಹಳೇಬೀಡಿನ 12ನೇ ಶತಮಾನದ ದೇವಾಲಯದ ಗೋಡೆಯಲ್ಲಿ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹ ವರವನ್ನು ಮುರಿದವನಲ್ಲ, ಹಗಲು ರಾತ್ರಿಗಳ, ಒಳಗು ಹೊರಗುಗಳ ಸಂದಿಯಲ್ಲಿ ನುಸುಳಿ ಬಂದವನು.

ಮಂತ್ರವಾದರೋ ಕಲಿತವನ ಯೋಗ್ಯತೆಗೆ ಕಟ್ಟುಬಿದ್ದದ್ದು. ಬ್ರಹ್ಮಶಿರವೆಂಬ ಅಸ್ತ್ರವನ್ನು ಅರ್ಜುನನೂ ಬಿಟ್ಟ, ಅಶ್ವತ್ಥಾಮನೂ ಬಿಟ್ಟ. ಹಿಂದಕ್ಕೆ ಕರೆಯುವುದು ಅರ್ಜುನನೊಬ್ಬನಿಂದ ಆಯಿತು. ಕರ್ಣ ಸುಳ್ಳು ಹೇಳಿ ಪರಶುರಾಮನಲ್ಲಿ ಕಲಿತ, ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಯಿತು. ಅವನು ಕವಚ ಕುಂಡಲ ಕಿತ್ತುಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧಕ್ಕೆ ಒಂದೇ ಸಲದ ಆಯುಷ್ಯ. ಅರ್ಜುನನಿಗೆಂದು ಜತನವಾಗಿ ಇಟ್ಟುಕೊಂಡಿದ್ದ. ರಾತ್ರಿಯಾದರೆ ರಾಕ್ಷಸರ ಮಾಯೆಗೆ ಬಲ ಹೆಚ್ಚು. ಘಟೋತ್ಕಚ ಆಕಾಶದಿಂದ ಕಲ್ಲು ಸುರಿಸುವಾಗ ಕೌರವರ ಸೇನೆಯೇ ಬಾಯಿ ಬಡಿದುಕೊಂಡಿತು, ಕರ್ಣ ಆ ಶಕ್ತ್ಯಾಯುಧವನ್ನೇ ಎಸೆಯಬೇಕಾಯಿತು. ನಮ್ಮ ಕಡೆಯ ತಾಳಮದ್ದಲೆಯಲ್ಲಿ ಕರ್ಣನ ಅರ್ಥ ಹೇಳುವವರು ಇದೊಂದನ್ನೇ ಅರ್ಧ ಗಂಟೆ ಎಳೆದರೂ ಯಾರೂ ಏಳುವುದಿಲ್ಲ. ಇನ್ನೊಂದು ಸಲ ಬಳಸಬಹುದು ಅಂದಿದ್ದರೆ ಎಲೆಯಡಿಕೆ ಹಾಕಿಕೊಳ್ಳಲು ಎಲ್ಲರೂ ಹೊರಗೆ ಹೋಗುತ್ತಿದ್ದರು.

ಮಕ್ಕಳ ಕತೆಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ಪುರವಣಿ ಜೋಡಿಸಿಟ್ಟುಕೊಂಡು ತಾಳೆ ನೋಡುವವರು ಮಕ್ಕಳೇ. ನಾನಾಗಿದ್ದರೆ ಸೇತುವೆಯನ್ನು ದಾಟಿ ಮುಂದೆ ಹೋಗುತ್ತಿದ್ದೆ. ಚಿತ್ರಗಳು ಮಾತ್ರ ಬಹಳ ಚೆನ್ನಾಗಿ ಬರುತ್ತಿವೆ, ಅದನ್ನು ಹೇಳದಿದ್ದರೆ ತಪ್ಪಾದೀತು.

ಲೇಖಕರಲ್ಲಿ ಒಂದೇ ಕೋರಿಕೆ. ಗೂಬೆಯಾಗಿರುವ ರಾಣಿಯನ್ನು ನೀಲಿ ಬೆಳಕಿನಿಂದ ಬಿಡಿಸಬೇಡಿ. ಯಾರಾದರೂ ಗುರುತು ಹಿಡಿದು ತವರಿನ ಹೆಸರಿನಿಂದ ಕರೆಯುವವರೆಗೆ ಆಕೆ ಗೂಬೆಯೇ ಎಂದು ನೀವೇ ಬರೆದಿದ್ದೀರಿ. ಆ ಹೆಸರು ಅರಮನೆಯ ಮುದಿ ಅಡುಗೆಯವಳಿಗೆ ಗೊತ್ತಿರಬೇಕು ಎಂಬುದು ನಮ್ಮ ಮೊಮ್ಮಗಳ ಊಹೆ. ಐದನೇ ಕಂತಿನಲ್ಲಿ ಆಕೆ ಗೂಬೆಗೆ ಅನ್ನದ ಉಂಡೆ ಇಟ್ಟದ್ದನ್ನು ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದಾಳೆ.

– ನಿವೃತ್ತ ತೋಟದ ರೈಟರ್, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ